ಹುಳದ ಪೆಟ್ಟಿಗೆಯ ಕಾನೂನು

ನಮ್ಮ ಬಸ್ ಡಿಪೋದಲ್ಲಿ ರಜೆ ಕೊಡುವುದು ಸಾಹೇಬರಲ್ಲ, ಒಂದು ಹಳೆಯ ಆಟದ ಪೆಟ್ಟಿಗೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಹದಿನಾರು ವರ್ಷದಿಂದ ಬಸ್ ಓಡಿಸುತ್ತಿದ್ದೇನೆ, ನಗುವವರನ್ನು ಕನ್ನಡಿಯಲ್ಲಿ ನೋಡಿಕೊಂಡೇ ಮುಂದೆ ಹೋಗುವುದು ಅಭ್ಯಾಸವಾಗಿದೆ.

ಪೆಟ್ಟಿಗೆ ಇರುವುದು ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲಿ, ಕುಡಿಯುವ ನೀರಿನ ಡ್ರಮ್ಮಿಗೂ ಕಬ್ಬಿಣದ ಬೀರುಗಳ ಸಾಲಿಗೂ ನಡುವೆ. ನಿಂತು ಆಡುವ ಪೆಟ್ಟಿಗೆ. ಕಪ್ಪು ಪರದೆಯ ಮೇಲೆ ಬಿಳಿ ಹುಳಗಳು ಆರು ಸಾಲಾಗಿ ಅತ್ತಿಂದಿತ್ತ ಸರಿಯುತ್ತಾ, ಅಂಚು ಮುಟ್ಟಿದಾಗಲೆಲ್ಲ ಒಂದು ಹೆಜ್ಜೆ ಕೆಳಗಿಳಿಯುತ್ತಾ ಬರುತ್ತವೆ. ಕೆಳಗೆ ನಮ್ಮದೊಂದು ಪುಟ್ಟ ಫಿರಂಗಿ. ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಗುಂಡಿ. ಹುಳ ನೆಲ ಮುಟ್ಟುವ ಮುಂಚೆ ಹೊಡೆದುರುಳಿಸಬೇಕು, ಅಷ್ಟೇ. ಮೊದಲಿನ ಗುಂಡಿ ಸವೆದುಹೋಗಿ ನಮ್ಮ ಮೆಕ್ಯಾನಿಕ್ ಹಳೆ ಬಸ್ಸಿನ ಹಾರ್ನ್ ಗುಂಡಿಯನ್ನೇ ಅಲ್ಲಿ ಕೂರಿಸಿದ್ದಾನೆ. ಪೆಟ್ಟಿಗೆಯ ಮುಂದೆ ಸಿಮೆಂಟ್ ನೆಲದಲ್ಲಿ ಒಂದು ಕುಳಿ ಬಿದ್ದಿದೆ, ಸರಿಯಾಗಿ ಬಲಗಾಲು ನಿಲ್ಲುವ ಜಾಗದಲ್ಲಿ. ಹುಳ ಹತ್ತಿರ ಬಂದರೆ ನಮ್ಮವರೆಲ್ಲರ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತದೆ. ಅಲ್ಲಿ ಬ್ರೇಕ್ ಇಲ್ಲ ಅಂತ ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಮೂವತ್ತು ವರ್ಷದಿಂದ ಡ್ರೈವರುಗಳು ಹೀಗೆ ಒತ್ತಿ ಒತ್ತಿ ನೆಲವನ್ನೇ ಸವೆಸಿದ್ದಾರೆ.

ಕಾನೂನು ಮಾಡಿದವಳು ನನ್ನಮ್ಮ. ಮೂರು ವರ್ಷದ ಹಿಂದೆ ನಿವೃತ್ತಿಯಾಗುವವರೆಗೂ ಈ ಡಿಪೋದ ಡ್ಯೂಟಿ ಪಟ್ಟಿ ಬರೆಯುತ್ತಿದ್ದವಳು ಅವಳೇ. ನಮ್ಮದು ಸಣ್ಣ ಡಿಪೋ, ದಿನಕ್ಕೆ ಒಬ್ಬ ಡ್ರೈವರಿಗೆ ಮಾತ್ರ ರಜೆ. ಒಂದೇ ದಿನಕ್ಕೆ ಇಬ್ಬರು ಚೀಟಿ ಹಾಕಿದರೆ ಹಿಂದೆಲ್ಲ ರಾಮಾಯಣ. ನನ್ನ ಮಗುವಿನ ಜ್ವರ ದೊಡ್ಡದೋ ನಿನ್ನ ಮಾವನ ಮಂಡಿ ನೋವು ದೊಡ್ಡದೋ ಅಂತ ಶುರುವಾಗಿ, ಕೊನೆಗೆ ಒಬ್ಬರ ಅಂಗಿ ಇನ್ನೊಬ್ಬರ ಕೈಯಲ್ಲಿ. ಸತ್ತ ಅಜ್ಜಿಯನ್ನೇ ಮೂರು ಸಲ ಸಾಯಿಸಿದ ಪುಣ್ಯಾತ್ಮರೂ ಇದ್ದರು. ಅಮ್ಮ ಒಂದು ದಿನ ರೋಸಿಹೋಗಿ ಎದ್ದು ನಿಂತು ಹೇಳಿದಳಂತೆ: "ಇನ್ನು ಮುಂದೆ ಯಾರೂ ಕಾರಣ ಹೇಳೋ ಹಾಗಿಲ್ಲ, ಯಾರೂ ಕೇಳೋ ಹಾಗಿಲ್ಲ. ಪೆಟ್ಟಿಗೆ ಮುಂದೆ ನಿಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಜೀವ. ಗೆದ್ದವರಿಗೆ ರಜೆ. ಬೇಕಂತ ಸೋತವರಿಗೆ ಆರು ತಿಂಗಳು ಚೀಟಿ ಇಲ್ಲ." ಎಲ್ಲರೂ ಗೊಣಗಿದರು, ಎಲ್ಲರೂ ಒಪ್ಪಿದರು. ಪೆಟ್ಟಿಗೆಗೆ ಮುಖ ನೋಡಿ ಮಣೆ ಹಾಕಲು ಬರುವುದಿಲ್ಲವಲ್ಲ.

ಅಮ್ಮ ಬರೀ ಕಾನೂನು ಮಾಡಿದವಳಲ್ಲ, ಆಟದಲ್ಲೂ ಅವಳನ್ನು ಮೀರಿಸಿದವರಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಬರೆದಿರುವ ಮೂವತ್ತೊಂದು ಸಾವಿರದ ನಾನೂರ ಅರವತ್ತು ಅಂಕ ಅವಳದೇ. ಅವಳು ಡ್ರೈವರ್ ಅಲ್ಲ, ಅವಳ ಕಾಲಿಗೆ ಬ್ರೇಕಿನ ಚಟವಿಲ್ಲ. ಅದೇ ಅವಳ ಗುಟ್ಟು ಎಂದು ನಮ್ಮವರು ಹೊಟ್ಟೆಕಿಚ್ಚಿಗೆ ಹೇಳುತ್ತಾರೆ.

ಈ ವರ್ಷ ಒಬ್ಬ ಹೊಸಬ ಬಂದ. ಇಪ್ಪತ್ತೆರಡು ವರ್ಷ, ಮೀಸೆ ಇನ್ನೂ ಬರಲೋ ಬೇಡವೋ ಅನ್ನುತ್ತಿತ್ತು. ಎಲ್ಲರೂ ಚಿಗುರು ಅಂತ ಕರೆದೆವು. ಮನೆಯಲ್ಲಿ ದೊಡ್ಡ ಪರದೆ, ಕಿವಿಗೆ ಹೆಡ್‌ಫೋನ್, ಊರೂರಿನ ಗೆಳೆಯರ ಜೊತೆ ಬಂದೂಕಿನ ಆಟ ಆಡುವ ಗಿರಾಕಿ. ಪೆಟ್ಟಿಗೆ ನೋಡಿ ಅವನ ಮುಖದಲ್ಲಿ ಬಂದ ನಗು ನೋಡಬೇಕಿತ್ತು.

"ಇದೇನಕ್ಕಾ, ಇಷ್ಟೇನಾ? ಹಿಂದೆ ಹೋಗೋಕಾಗಲ್ವಾ? ಮೇಲಕ್ಕೆ ಹಾರೋಕಾಗಲ್ವಾ?"

"ಆಗಲ್ಲ ಕಣೋ. ಆಚೆ ಈಚೆ ಹೋಗು, ಹೊಡಿ."

"ಕಣ್ಣು ಮುಚ್ಕೊಂಡು ಆಡ್ತೀನಿ ಬಿಡಿ."

ನಲವತ್ತು ಸೆಕೆಂಡಿಗೆ ಸತ್ತ. ಕೋಲು ಸಡಿಲ ಇದೆ ಅಂದ. ಇನ್ನೊಮ್ಮೆ ಆಡಿದ, ಒಂದು ನಿಮಿಷಕ್ಕೆ ಸತ್ತ. ಪರದೆ ಮಬ್ಬು ಅಂದ. ಮೂರನೆಯ ಸಲ ಸತ್ತಾಗ ತುಟಿ ಕಚ್ಚಿಕೊಂಡು ಮತ್ತೆ ಗುಂಡಿ ಒತ್ತಿದ. ಆಗಲೇ ನನಗೆ ಗೊತ್ತಾಯಿತು, ಮಗ ಸಿಕ್ಕಿಬಿದ್ದ ಅಂತ.

ನಾನೂ ಹಾಗೇ ಸಿಕ್ಕಿಬಿದ್ದವಳು, ಏಳನೆಯ ವಯಸ್ಸಿನಲ್ಲಿ, ಶಾಲೆ ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯುವವರೆಗೆ ಸ್ಟೂಲ್ ಮೇಲೆ ನಿಂತು. ಈ ಆಟದಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಇಲ್ಲದಿರುವುದೇ ಅದರ ಸೊಗಸು. ಕಥೆ ಇಲ್ಲ, ಬಣ್ಣ ಇಲ್ಲ, ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸುವ ಸೌಕರ್ಯ ಇಲ್ಲ. ಹುಳಗಳು ಕಡಿಮೆಯಾದಷ್ಟೂ ಉಳಿದವು ಜೋರಾಗಿ ಓಡುತ್ತವೆ. ಅಂದರೆ ನೀನು ಚೆನ್ನಾಗಿ ಆಡಿದಷ್ಟೂ ನಿನ್ನ ಕಷ್ಟ ಜಾಸ್ತಿ! ಯಾವ ಮಹಾರಾಯನ ತಲೆಗೆ ಇದು ಹೊಳೆಯಿತೋ, ಅವನ ಕಾಲಿಗೆ ಬೀಳಬೇಕು. ಐವತ್ತಮೂರು ಹುಳ ಹೊಡೆದು ಬೀಗುತ್ತಿರುವಾಗ ಕೊನೆಯದೊಂದು ಹುಚ್ಚು ಹಿಡಿದಂತೆ ಓಡುತ್ತದೆ, ಒಳಗಿನ ಡಂ ಡಂ ಸದ್ದು ನಮ್ಮ ಎದೆಯಲ್ಲೇ ಹೊಡೆದುಕೊಳ್ಳುತ್ತದೆ. ಸತ್ತರೆ ತಪ್ಪು ನಮ್ಮದೇ. ಅದನ್ನು ಆರು ವರ್ಷದವರೂ ಒಪ್ಪುತ್ತಾರೆ, ಅರವತ್ತರವರೂ ಒಪ್ಪುತ್ತಾರೆ, ಒಪ್ಪಿ ಮತ್ತೆ ಗುಂಡಿ ಒತ್ತುತ್ತಾರೆ.

ಚಿಗುರು ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚುವುದನ್ನೂ ಮರೆತು ಆಡತೊಡಗಿದ. ನನಗೆ ನೋಡಿ ಸುಮ್ಮನಿರಲಾಗಲಿಲ್ಲ. ಅಮ್ಮ ನನಗೆ ಕಲಿಸಿದ್ದನ್ನೆಲ್ಲ ಅವನಿಗೆ ಕಲಿಸಿದೆ. ಮೊದಲು ಅಂಚಿನ ಸಾಲು ಖಾಲಿ ಮಾಡು, ಅವು ಅಂಚು ಮುಟ್ಟೋಕೆ ದೂರ ಹೋಗಬೇಕಾಗುತ್ತೆ. ಗುಂಡು ಎಣಿಸ್ಕೊಂಡು ಹೊಡಿ. ಹೆದರಿದಾಗ ಕೈ ಬಿಗಿ ಮಾಡಬೇಡ. ಎರಡು ತಿಂಗಳಲ್ಲಿ ಹುಡುಗ ಹದಿನೈದು ಸಾವಿರ ದಾಟಿದ. ನಾನು ಒಂದನ್ನು ಮಾತ್ರ ಹೇಳಿರಲಿಲ್ಲ, ಕೊನೆಯ ಹುಳದ ಉಪಾಯ. ಎಲ್ಲ ವಿದ್ಯೆ ಕೊಟ್ಟು ಒಂದನ್ನು ಇಟ್ಟುಕೊಳ್ಳುವುದು ಗುರುವಿನ ಹಕ್ಕು ಎಂದುಕೊಂಡಿದ್ದೆ.

ಅಷ್ಟರಲ್ಲಿ ಅಮ್ಮ ಒಂದು ಸಂಜೆ ಬಟ್ಟೆ ಮಡಿಸುತ್ತಾ ಹೇಳಿದಳು: "ನಾವು ಮದುವೆಯಾಗೋಣ ಅಂತಿದ್ದೀವಿ ಕಣೇ."

ನಾವು ಎಂದರೆ ಅವಳೂ ಲಿಫ್ಟಿನವರೂ. ಲಿಫ್ಟಿನವರು ಊರಿನ ಅರ್ಧ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಎಂಟು ವರ್ಷ. ನನ್ನ ಅಪ್ಪ ಹೋದಾಗ ನನಗೆ ಆರು. ಅಂದಿನಿಂದ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಲಿಫ್ಟಿನವರು ಮೊದಲ ಸಲ ಮನೆಗೆ ಬಂದ ದಿನ ಯಾರೂ ಹೇಳದೆ ನಮ್ಮ ಕಿಟಕಿಯ ಕೀಲಿಗೆ ಎಣ್ಣೆ ಬಿಟ್ಟಿದ್ದರು. ಅವತ್ತೇ ನನಗೆ ಹಿಡಿಸಿದ್ದರು. ಹದಿನೆಂಟನೇ ತಾರೀಖು ಗುರುವಾರ, ಹನ್ನೊಂದು ಗಂಟೆಗೆ ನೋಂದಣಿ ಕಚೇರಿಯಲ್ಲಿ ಮದುವೆ. ಅಮ್ಮನ ಕಡೆಯ ಸಾಕ್ಷಿ ನಾನು. ಅರವತ್ತೊಂದರ ಅಮ್ಮ ಕನ್ನಡಿ ಮುಂದೆ ನಿಂತು ಯಾವ ಬಟ್ಟೆ ಚೆನ್ನಾಗಿದೆ ಅಂತ ನನ್ನನ್ನು ಕೇಳಿದಳು. ಆ ಒಂದು ದಿನ ನಾನು ಅವಳ ಪಕ್ಕದಲ್ಲಿರಬೇಕಿತ್ತು. ಜನ್ಮದಲ್ಲಿ ಬೇರೆ ಯಾವ ರಜೆ ತಪ್ಪಿದರೂ ಪರವಾಗಿಲ್ಲ, ಅದು ತಪ್ಪಬಾರದಿತ್ತು.

ಮಾರನೆಯ ದಿನವೇ ಚೀಟಿ ಹಾಕಿದೆ. ವಾರದ ನಂತರ ಡಿಪೋದ ರಜೆ ಬೋರ್ಡಿನಲ್ಲಿ ನೋಡಿದರೆ ಹದಿನೆಂಟರ ಎದುರು ಎರಡು ಹೆಸರು. ಒಂದು ನನ್ನದು, ಇನ್ನೊಂದು ಚಿಗುರಿನದು. ಸೋಮವಾರ ಮಧ್ಯಾಹ್ನ ಪಂದ್ಯ.

ಅವನು ನೇರವಾಗಿ ನನ್ನ ಬಳಿಯೇ ಬಂದ. ಕಳ್ಳತನ ಗೊತ್ತಿಲ್ಲದ ಮುಖ. "ಅಕ್ಕಾ, ಎಲ್ಲಾ ಹೇಳ್ಕೊಟ್ರಿ, ಆ ಕೊನೇ ಹುಳ ಮಾತ್ರ ನನ್ ಕೈಗೆ ಸಿಗ್ತಾನೇ ಇಲ್ಲ. ಅದಕ್ಕೇನು ಮಾಡ್ಬೇಕು?"

"ಆಮೇಲೆ ನೋಡೋಣ" ಎಂದು ಬಸ್ ಹತ್ತಿದೆ. ಮನೆಗೆ ಬಂದು ಅಮ್ಮನಿಗೆ ಹೇಳಿದೆ.

ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ಹೇಳ್ಕೊಡು."

"ಅಮ್ಮಾ, ಅವನು ನನ್ನ ಎದುರಾಳಿ."

"ಶಿಷ್ಯ ಮೊದಲು, ಎದುರಾಳಿ ಆಮೇಲೆ. ಬಚ್ಚಿಟ್ಕೊಂಡು ಗೆದ್ರೆ ಅದು ಆಟದಲ್ಲಿ ಗೆದ್ದಿದ್ದಲ್ಲ, ಚೌಕಾಸಿಯಲ್ಲಿ ಗೆದ್ದಿದ್ದು. ನಂಗಂಥ ಸಾಕ್ಷಿ ಬೇಡ."

ಮೈಯೆಲ್ಲ ಉರಿಯಿತು. ಆದರೂ ಮರುದಿನ ಅವನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ ಹೇಳಿದೆ: "ಅದರ ಹಿಂದೆ ಓಡ್ಬೇಡ. ನಿನಗಿಂತ ಅದು ಜೋರು. ಅದು ತಿರುಗೋ ಮೂಲೆಗೆ ಮೊದಲೇ ಹೋಗಿ ನಿಂತ್ಕೊ. ತಲೆ ಮೇಲೇ ಬರುತ್ತೆ, ಆಗ ಹೊಡಿ." ಮೂರನೆಯ ಪ್ರಯತ್ನಕ್ಕೇ ಹೊಡೆದ. ಕುಣಿದಾಡಿದ. ನನ್ನ ಭುಜ ಹಿಡಿದು ಅಲ್ಲಾಡಿಸಿದ. ಆ ಸಂತೋಷ ನೋಡಿ ನನಗೂ ನಗು ಬಂತು, ಅದೇ ನನ್ನ ಗ್ರಹಚಾರ.

ಸೋಮವಾರ ಇಡೀ ಡಿಪೋ ಕೋಣೆಯಲ್ಲಿ ಸೇರಿತ್ತು. ಮೊದಲು ಚಿಗುರು ಆಡಿದ. ಏಳು ಸುತ್ತು ದಾಟಿ ಎಂಟನೆಯದರಲ್ಲಿ ಸತ್ತ. ಹತ್ತೊಂಬತ್ತು ಸಾವಿರದ ಎಂಟುನೂರು. ಯಾರೋ ಸಿಳ್ಳೆ ಹಾಕಿದರು. ನಾನು ನಿಂತೆ. ಅವತ್ತು ನನ್ನ ಕೈ ಎಷ್ಟು ಚೆನ್ನಾಗಿತ್ತೆಂದರೆ, ಸೋತವಳಾಗಿಯೂ ಹೇಳುತ್ತೇನೆ, ಅಂಥ ಆಟ ನಾನು ಆಡಿದ್ದೇ ಇಲ್ಲ. ಎಂಟನೆಯ ಸುತ್ತಿನಲ್ಲಿ ಒಂದೇ ಒಂದು ಹುಳ ಉಳಿಯಿತು. ಅದು ಬಿದ್ದರೆ ನಾನು ಅವನಿಗಿಂತ ಇಪ್ಪತ್ತು ಅಂಕ ಮುಂದೆ. ಮೂಲೆಗೆ ಹೋಗಿ ನಿಂತೆ. ಹುಳ ತಿರುಗಿತು, ಇಳಿಯಿತು, ನೇರ ನನ್ನ ತಲೆಯ ಮೇಲೆ ಬಂತು. ಆಗ ನನ್ನ ಬಲಗಾಲು ಸರ್ರನೆ ಬ್ರೇಕ್ ಒತ್ತಿತು. ಬ್ರೇಕ್ ಒತ್ತಿದವಳ ಮೈ ಹಿಂದಕ್ಕೆ ವಾಲುತ್ತದೆ, ಹಿಂದಕ್ಕೆ ವಾಲಿದವಳ ಬೆರಳು ಗುಂಡಿಯಿಂದ ಕೂದಲೆಳೆಯಷ್ಟು ಮೇಲೇಳುತ್ತದೆ. ಹುಳ ನೆಲ ಮುಟ್ಟಲು ಅಷ್ಟು ಸಾಕಾಯಿತು. ಹದಿನಾರು ವರ್ಷದಲ್ಲಿ ಎಷ್ಟೋ ಜನರ ಪ್ರಾಣ ಉಳಿಸಿದ ಕಾಲು ನನ್ನದೊಂದು ಜೀವ ತೆಗೆಯಿತು. ಚಿಗುರು ಡ್ರೈವರಾಗಿ ಇನ್ನೂ ಮೂರು ತಿಂಗಳು, ಅವನ ಕಾಲು ಇನ್ನೂ ಏನನ್ನೂ ಕಲಿತಿರಲಿಲ್ಲ.

ಗುರುವಿಗೇ ತಿರುಮಂತ್ರ ಎಂದು ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದು ಅವನ ಬೆನ್ನು ತಟ್ಟಿ ಹೊರಗೆ ಬಂದೆ. ನನ್ನ ಬಸ್ಸಿನಲ್ಲಿ ಕೂತು ಅತ್ತೆನೆಂದು ಬರೆದುಕೊಳ್ಳಲು ನಾಚಿಕೆಯಿಲ್ಲ.

ಸಂಜೆ ಅಮ್ಮ ಬಾಗಿಲು ತೆಗೆದವಳೇ ನನ್ನ ಮುಖ ನೋಡಿ ಕೇಳಿದಳು: "ಎಷ್ಟನೇ ಸುತ್ತು?"

"ಎಂಟು. ಕೊನೇ ಹುಳ. ಆ ಗುಂಡಿನೂ ಸರಿ ಇಲ್ಲ..."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಕಾಲು ಒತ್ತಿದೆ ತಾನೇ?"

ಆಗ ನನಗೆ ತಡೆಯಲಾಗಲಿಲ್ಲ. "ಅಮ್ಮಾ, ತಾರೀಖು ಮುಂದಕ್ಕೆ ಹಾಕು. ಒಂದು ವಾರ. ಏನು ಗಂಟು ಹೋಗುತ್ತೆ?"

ಅಮ್ಮ ಬಾಗಿಲು ಮುಚ್ಚಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಮೀಸೆ ಡ್ರೈವರ್ ನೆನಪಿದೆಯಾ? ಇದೇ ಪೆಟ್ಟಿಗೇಲಿ ಸೋತು ತನ್ನ ಒಬ್ಬಳೇ ತಂಗಿ ಮದುವೆಗೆ ಹೋಗ್ಲಿಲ್ಲ. ತಾರೀಖು ಬದಲಿಸೋ ಶಕ್ತಿ ಅವನಿಗಿರ್ಲಿಲ್ಲ. ನನ್ನ ಮೇಜಿನ ಮುಂದೆ ಬಂದು ಕೈ ಮುಗಿದ. ನಾನು ಆಗಲ್ಲ ಅಂದೆ. ಎರಡು ವರ್ಷ ನನ್ ಜೊತೆ ಮಾತಾಡ್ಲಿಲ್ಲ. ಈಗ ನನ್ ಮಗಳು ಸೋತ್ಲು ಅಂತ ಮದುವೇನೇ ಸರಿಸಿದ್ರೆ ಡಿಪೋದಲ್ಲಿ ಏನಂತಾರೆ? ಬೇಲಿನೇ ಎದ್ದು ಹೊಲ ಮೇಯ್ತು ಅನ್ನಲ್ವಾ?"

"ಅನ್ಲಿ! ಅವರೇನು ನಿನ್ನ ಮಕ್ಕಳಾ?"

"ಪಕ್ಕದ ಮನೆಯವರು ಸಾಕ್ಷಿ ಹಾಕ್ತಾರೆ. ಕೈಕಾಲು ತೊಳ್ಕೊ, ಊಟ ಮಾಡು."

ನಾನು ಊಟ ಮಾಡಲಿಲ್ಲ. ಬಾಗಿಲು ಹಾಕಿಕೊಂಡು ಮಲಗಿ, ಈ ಹೆಂಗಸಿನ ಎದೆಯಲ್ಲಿ ಇರುವುದು ಹೃದಯವೋ ಡ್ಯೂಟಿ ಪಟ್ಟಿಯೋ ಎಂದು ಬೈದುಕೊಂಡೆ.

ಮರುದಿನ ಮಧ್ಯಾಹ್ನ ಚಿಗುರು ಟೀ ಹಿಡಿದುಕೊಂಡು ಬಂದು ಎದುರಿಗೆ ಕೂತ. ಪಂದ್ಯ ಮುಗಿದ ಮೇಲೆ ಕಾರಣ ಹೇಳಬಾರದು ಅಂತ ಕಾನೂನಿಲ್ಲ. "ಅಕ್ಕಾ, ಹದಿನೆಂಟಕ್ಕೆ ಟೌನ್ ಹಾಲಲ್ಲಿ ಹಳೇ ಆಟಗಳ ಪಂದ್ಯ ಇದೆ. ನಮ್ಮ ಹುಳದ ಆಟಾನೂ ಇದೆ! ನೀವು ಹೇಳ್ಕೊಟ್ಟಿದ್ದಕ್ಕೇ ಹೆಸರು ಕೊಟ್ಟೆ."

ಆಟ ಆಡುವುದಕ್ಕೆ! ನನ್ನಮ್ಮನ ಮದುವೆಯ ದಿನವನ್ನು ಈ ಮಹಾಶಯ ಆಟ ಆಡುವುದಕ್ಕೆ ಗೆದ್ದಿದ್ದ. ಟೀ ಲೋಟ ಅವನ ತಲೆಯ ಮೇಲೆ ಸುರಿಯಬೇಕೆನಿಸಿತು. ಸುರಿಯಲಿಲ್ಲ. ಮನೆಗೆ ಬಂದು ಅಮ್ಮನ ಮುಂದೆ ಸುರಿದೆ. "ನೋಡಿದ್ಯಾ ನಿನ್ನ ಕಾನೂನಿನ ಚಂದ? ಕಾರಣ ಕೇಳಿದ್ರೆ ಹೀಗಾಗ್ತಿತ್ತಾ?"

ಅಮ್ಮ ತಲೆಯೆತ್ತಿದಳು. "ನಮ್ಮ ಹುಳದ ಆಟಾನೇ? ಪಕ್ಕಾನಾ? ಎಷ್ಟು ಗಂಟೆಗೆ? ವಯಸ್ಸಿನ ಮಿತಿ ಗಿತಿ ಇದೆಯಾ?"

"ಅಮ್ಮಾ!"

"ಹಾಗಾದ್ರೆ ಮದುವೆ ಎರಡು ವಾರ ಮುಂದಕ್ಕೆ. ನಾನು ಪಂದ್ಯಕ್ಕೆ ಹೋಗ್ಬೇಕು."

ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮಗಳಿಗಾಗಿ ಒಂದು ದಿನ ಸರಿಯದ ಮದುವೆ ಹುಳಕ್ಕಾಗಿ ಹದಿನಾಲ್ಕು ದಿನ ಸರಿಯಿತು. ಲಿಫ್ಟಿನವರಿಗಾದರೂ ಸಿಟ್ಟು ಬರಲಿ ಎಂದು ಫೋನ್ ಮಾಡಿದರೆ, ಅವರು "ನಿಮ್ಮಮ್ಮನ ಇಷ್ಟ, ನಾನು ಕನ್ನಡಕ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತೀನಿ" ಅಂದರು.

ಹದಿನೆಂಟರಂದು ನನ್ನ ಪಾಳಿ ಎರಡು ಗಂಟೆಗೆ ಮುಗಿಯಿತು. ಹೋಗಬಾರದೆಂದು ಹಟ ಮಾಡಿಕೊಂಡೇ ಟೌನ್ ಹಾಲಿಗೆ ಹೋದೆ. ಒಳಗೆ ಕಾಲಿಟ್ಟಾಗ ಆ ಡಂ ಡಂ ಸದ್ದು ಇಪ್ಪತ್ತು ಪೆಟ್ಟಿಗೆಗಳಿಂದ ಒಟ್ಟಿಗೆ ಬರುತ್ತಿತ್ತು, ನನ್ನ ಸಿಟ್ಟಿನ ಅರ್ಧ ಬಾಗಿಲಲ್ಲೇ ಬಿದ್ದುಹೋಯಿತು. ಒಬ್ಬ ತಾತ ಊರುಗೋಲನ್ನು ಮೊಮ್ಮಗನ ಕೈಗೆ ಕೊಟ್ಟು ಆಡುತ್ತಿದ್ದ. ಮೊಮ್ಮಗ "ಎಡಕ್ಕೆ ತಾತಾ, ಎಡಕ್ಕೆ" ಎಂದು ಕೂಗುತ್ತಿದ್ದ. ಒಬ್ಬ ಹಲ್ಲಿನ ಡಾಕ್ಟರು ಕೋಟಿನಲ್ಲೇ ಬಂದಿದ್ದರು. ಯಾರಿಗೂ ಯಾರೂ ಆಟ ವಿವರಿಸುತ್ತಿರಲಿಲ್ಲ. ಪರದೆಯ ಮುಂದೆ ಹತ್ತು ಎಣಿಸುವಷ್ಟು ಹೊತ್ತು ನಿಂತರೆ ಸಾಕು, ಏನು ಮಾಡಬೇಕೆಂದು ಮಗುವಿಗೂ ತಿಳಿಯುತ್ತಿತ್ತು. ಹೇಗೆ ಮಾಡಬೇಕೆಂದು ತಿಳಿಯಲು ಮಾತ್ರ ಒಂದು ಆಯಸ್ಸು ಸಾಲದು. ಅದನ್ನು ನೋಡುತ್ತಾ ನಿಂತು ನನಗೆ ಹೆಮ್ಮೆಯಾಯಿತು, ನಮ್ಮ ಮನೆಯದೇ ಏನೋ ಊರಿಗೆಲ್ಲ ಇಷ್ಟವಾದಂತೆ.

ಅಮ್ಮನ ಸುತ್ತ ಜನ ಸೇರಿದ್ದರು. ಅವಳ ಪಕ್ಕದ ಪೆಟ್ಟಿಗೆಯಲ್ಲಿ ಏಳು ವರ್ಷದ ಹುಡುಗಿ, ಮುಂದಿನ ಹಲ್ಲು ಎರಡಿಲ್ಲ. ಆರನೆಯವನಾಗಿ ಹೊರಬಿದ್ದಿದ್ದ ಚಿಗುರು "ಹೊಡೀರಿ ಅಜ್ಜಿ, ಹೊಡೀರಿ!" ಎಂದು ಅರಚುತ್ತಿದ್ದ. ಅಮ್ಮ ಪರದೆಯಿಂದ ಕಣ್ಣು ತೆಗೆಯದೆ "ಮದುಮಗಳನ್ನ ಅಜ್ಜಿ ಅಂತೀಯೇನೋ" ಎಂದು ಗದರಿದಳು. ಆ ಹುಡುಗಿ ಗೆದ್ದಳು, ಡಾಕ್ಟರು ಎರಡನೆಯವರು, ಅಮ್ಮ ಮೂರನೆಯವಳು. ಸೋತ ಅಮ್ಮ ಆ ಹುಡುಗಿಯ ಕೈಬೆರಳುಗಳನ್ನು ಹಿಡಿದು ನೋಡಿ, "ಎಲ್ಲಿ ಕಲಿತೆ ಬಂಗಾರ?" ಎಂದು ಕೇಳಿದಳು. "ನಮ್ಮ ತಾತ ಹೇಳ್ಕೊಟ್ರು" ಅಂದಳು ಹುಡುಗಿ. ಅಮ್ಮನ ಮುಖ ಗೆದ್ದವರಿಗಿಂತ ಹೆಚ್ಚು ಬೆಳಗುತ್ತಿತ್ತು. ಈ ಸಂತೋಷಕ್ಕೇ ಮದುವೆ ಸರಿಸಿದಳು, ಹೋಗಲಿ ಬಿಡು ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಎರಡು ವಾರದ ನಂತರದ ಗುರುವಾರಕ್ಕೆ ಮತ್ತೆ ಚೀಟಿ ಹಾಕಿದೆ. ಅಷ್ಟು ಹೊತ್ತಿಗೆ ಚಿಗುರಿನ ಬಾಯಿಂದ ಮದುವೆಯ ಸುದ್ದಿ ಡಿಪೋಗೆಲ್ಲ ಹಬ್ಬಿತ್ತು. ಬೋರ್ಡಿನಲ್ಲಿ ಆ ದಿನದ ಎದುರು ನನ್ನದೊಂದೇ ಹೆಸರು.

ನೋಂದಣಿ ಕಚೇರಿಯ ಬೆಂಚಿನ ಮೇಲೆ ನಾನೂ ಲಿಫ್ಟಿನವರೂ ಕೂತಿದ್ದೆವು. ಅಮ್ಮ ಕಿಟಕಿಯಲ್ಲಿ ಗುಮಾಸ್ತನಿಗೆ ಅರ್ಜಿ ತುಂಬುವ ಕ್ರಮ ಕಲಿಸುತ್ತಿದ್ದಳು. ಲಿಫ್ಟಿನವರು ಆ ಗುಮಾಸ್ತನನ್ನು ನೋಡಿ ನಕ್ಕರು. "ಪಾಪ, ಅವತ್ತೂ ಇವನನ್ನೇ ಹಿಡ್ಕೊಂಡಿದ್ಲು. ಬಾಗಿಲು ತೆಗೆಯೋ ಮುಂಚೆನೇ ಬಂದು ನಿಂತಿದ್ವಿ, ತಾರೀಖು ಬದಲಿಸೋಕೆ."

"ಪಂದ್ಯದ ವಿಷಯ ಗೊತ್ತಾದ ಮಾರನೇ ದಿನಾನಾ?"

"ಪಂದ್ಯ ಎಲ್ಲಿತ್ತಮ್ಮಾ ಆಗ? ನೀನು ಸೋತ ಮಾರನೇ ದಿನ, ಮಂಗಳವಾರ ಬೆಳಗ್ಗೆ. ಅವಳು ರಾತ್ರಿಯೆಲ್ಲಾ ನಿದ್ದೆ ಮಾಡಿರ್ಲಿಲ್ಲ. ಬದಲಿಸಿದ್ದೇನೋ ಆಯ್ತು, ಮಗಳಿಗೆ ಏನಂತ ಹೇಳ್ಲಿ, ಡಿಪೋದವರಿಗೆ ಏನಂತ ಹೇಳ್ಲಿ ಅಂತ ದಾರಿಯುದ್ದಕ್ಕೂ ಒದ್ದಾಡಿದ್ಲು. ಸಂಜೆ ಫೋನ್ ಮಾಡಿ 'ದಾರಿ ಸಿಕ್ತು, ಯಾವುದೋ ಪಂದ್ಯ ಇದೆಯಂತೆ' ಅಂತ ನಕ್ಕಿದ್ದೇ ನಕ್ಕಿದ್ದು."

ನಾನು ಅಮ್ಮನ ಬೆನ್ನನ್ನೇ ನೋಡಿದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಹೊಂಚಿ, ನನ್ನಿಂದ ಎರಡು ವಾರ ಬೈಸಿಕೊಂಡು, ತುಟಿಪಿಟಕ್ಕೆನ್ನದೆ ಓಡಾಡಿದ್ದಳು. ನಾನಿಲ್ಲದೆ ಮದುವೆಯಾಗುವ ಧೈರ್ಯ ಅವಳಿಗೆ ಒಂದು ರಾತ್ರಿಯೂ ನಿಂತಿರಲಿಲ್ಲ.

ಅಮ್ಮ ತಿರುಗಿದಳು. ಇಬ್ಬರ ಮುಖ ನೋಡಿದವಳಿಗೆ ಎಲ್ಲ ಅರ್ಥವಾಯಿತು. "ನಿಮ್ಮ ಬಾಯಿಗೆ ಬೀಗ ಇಲ್ವಾ?" ಎಂದು ಲಿಫ್ಟಿನವರನ್ನು ಗದರಿದಳು. ಆಮೇಲೆ ನನ್ನ ಕೈಗೆ ಪೆನ್ನು ತುರುಕಿ, ನನ್ನ ಮುಖ ನೋಡದೆ, "ಇಲ್ಲಿ ಸಹಿ ಹಾಕು. ಅಳೋದಿದ್ರೆ ಆಮೇಲೆ ಅಳು, ಕಾಗದ ಒದ್ದೆಯಾಗುತ್ತೆ" ಅಂದಳು.

ಸಹಿ ಹಾಕಿ ಪೆನ್ನು ಕೆಳಗಿಟ್ಟೆ. ತಲೆಯೆತ್ತಿ ನೋಡಿದರೆ, ನನಗಿಂತ ಮುಂಚೆ ಅಮ್ಮನೇ ಅಳುತ್ತಿದ್ದಳು.